ನೂರಕ್ಕೆ ಎರಡು

ಆಸ್ಪತ್ರೆಯ ನೆಲಮಹಡಿಯಲ್ಲಿ ಎಕ್ಸ್‌ರೇ ಕೋಣೆ ದಾಟಿ, ಚಕ್ರ ಮುರಿದ ಗಾಲಿಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಮೂಲೆಯನ್ನೂ ದಾಟಿದರೆ ಕೊನೆಗೊಂದು ಬಾಗಿಲು. ‘ವಾಕ್ ಚಿಕಿತ್ಸಾ ವಿಭಾಗ’ ಅಂತ ಬೋರ್ಡು. ವಿಭಾಗ ಅಂದ ಕೂಡಲೇ ಏನೋ ಭಾರೀ ಅಂದುಕೊಳ್ಳಬೇಡಿ. ಒಂದು ಕೋಣೆ, ಒಬ್ಬ ಹೆಂಗಸು, ಅಷ್ಟೇ. ಮಕ್ಕಳು ಆಕೆಯನ್ನು ‘ಮಾತಿನ ಮಿಸ್ಸು’ ಅನ್ನುತ್ತವೆ. ಹೆಸರು ಅಂತ ಒಂದು ಇದೆ, ಆದರೆ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದು ಉಪಯೋಗಕ್ಕೆ ಬಂದಿಲ್ಲ.

ಇಪ್ಪತ್ತಮೂರು ವರ್ಷ ಉಗ್ಗುವ ಮಕ್ಕಳ ಎದುರು ಕೂತು ಕೂತು ಮಿಸ್ಸಿನ ಮಂಡಿ ಹೋಗಿತ್ತು. ಉಗ್ಗಿಗೂ ಮಂಡಿಗೂ ಏನು ಸಂಬಂಧ ಅಂತೀರಾ? ಮಗುವಿನ ಕಣ್ಣಿಗೆ ಸಮ ಕೂರಬೇಕು ಅನ್ನೋದು ಈ ಕೆಲಸದ ನಿಯಮ. ಅದಕ್ಕೇ ಮಕ್ಕಳ ಕುರ್ಚಿ. ಐವತ್ತು ದಾಟಿದ ಹೆಂಗಸು ದಿನಕ್ಕೆ ಏಳೆಂಟು ಸಲ ಆ ಮೊಳದೆತ್ತರದ ಕುರ್ಚಿಯಲ್ಲಿ ಕುಸಿದು ಕೂತು ಮತ್ತೆ ಏಳಬೇಕು. ಸಾಲದ್ದಕ್ಕೆ ಪಕ್ಕದ ಗೋಡೆಯಿಂದ ಎಕ್ಸ್‌ರೇಯವನ ಕೂಗು ಬೇರೆ: ‘ಉಸಿರು ಬಿಗಿಹಿಡೀರಿ... ಹಾಂ, ಬಿಡಿ.’ ಈಚೆ ಕಡೆ ಈಕೆ, ‘ಉಸಿರು ಬಿಗಿಹಿಡೀಬೇಡ ಕಂದಾ, ಮೆಲ್ಲಗೆ ಬಿಡ್ತಾ ಶುರು ಮಾಡು’ ಅಂತ ಹೇಳಿಕೊಡುತ್ತಿರುವಾಗ, ಆಚೆಯವನು ಬಿಗಿಹಿಡಿಯಿರಿ ಅಂತ ಅಬ್ಬರಿಸುವನು. ಎಷ್ಟೋ ಮಕ್ಕಳು ಅವನ ಮಾತನ್ನೇ ಕೇಳುತ್ತಿದ್ದವು. ಮೊದಮೊದಲು ಆಕೆ ಹೋಗಿ ಜಗಳವಾಡಿದ್ದಳು. ಈಗ ಅದಕ್ಕೂ ತ್ರಾಣವಿರಲಿಲ್ಲ.

ಮನೆಗೆ ಹೋದರೆ ಬಾಯಿ ಬಿಡುವ ಮನಸ್ಸೇ ಆಗುತ್ತಿರಲಿಲ್ಲ. ‘ಊರ ಮಕ್ಕಳಿಗೆಲ್ಲ ಮಾತು ಕಲಿಸ್ತೀಯ, ನನಗೊಂದು ಹೂಂ ಅನ್ನೋಕೂ ನಿನಗೆ ಆಗಲ್ಲ’ ಅಂತ ಗಂಡ ಛೇಡಿಸುವನು. ಆಕೆ ಹೂಂ ಅನ್ನುವಳು. ಅಲ್ಲಿಗೆ ಆ ದಿನದ ಸಂಸಾರ ಮುಗಿಯಿತು.

ಈ ವರ್ಷ ಇನ್ನೊಂದು ತಲೆನೋವು ಗಂಟುಬಿದ್ದಿತ್ತು. ಆರು ತಿಂಗಳಲ್ಲಿ ಎಷ್ಟು ಮಕ್ಕಳನ್ನು ಗುಣಪಡಿಸಿ ಫೈಲು ಮುಚ್ಚಿದಿರಿ ಅಂತ ಮೇಲಿನವರು ಲೆಕ್ಕ ಕೇಳಿದ್ದರು. ಉಗ್ಗು ಏನು ಮುರಿದ ಕೈಯೇ, ಆರು ವಾರಕ್ಕೆ ಪಟ್ಟಿ ಬಿಚ್ಚೋಕೆ? ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಕಡಿಮೆಯಾಗುತ್ತದೆ, ಕೆಲವರು ಅದನ್ನು ಹೊತ್ತುಕೊಂಡೇ ಧೈರ್ಯವಾಗಿ ಮಾತಾಡೋದು ಕಲಿಯುತ್ತಾರೆ. ಇದನ್ನು ಯಾವ ಕಾಲಂನಲ್ಲಿ ಬರೆಯೋದು? ಆಕೆಯ ಪಟ್ಟಿಯಲ್ಲಿ ಗುಣ ಅಂತ ಬರೆಯಬಹುದಾದ ಫೈಲು ಒಂದೇ ಒಂದು ಇತ್ತು. ಅದು ಸಾಸಿವೆಯದು.

ಸಾಸಿವೆ ಅಂದರೆ ಒಂಬತ್ತು ವರ್ಷದ ಹುಡುಗಿ. ತಾತ ಇಟ್ಟ ಅಡ್ಡಹೆಸರು. ಎರಡು ವರ್ಷದವಳಿದ್ದಾಗ ಎಣ್ಣೆಗೆ ಬಿದ್ದ ಸಾಸಿವೆ ಥರ ಚಟಪಟ ಅಂತಿದ್ದಳಂತೆ. ನಾಲ್ಕು ವರ್ಷ ತುಂಬಿದಾಗ ಉಗ್ಗು ಹಿಡಿಯಿತು. ವರ್ಷದ ಹಿಂದೆ ಈ ಕೋಣೆಗೆ ಮೊದಲ ಸಲ ಬಂದಾಗ ನೂರು ಪದಕ್ಕೆ ಹದಿನೆಂಟರಲ್ಲಿ ಸಿಕ್ಕಿಕೊಳ್ಳುತ್ತಿದ್ದಳು. ಕಣ್ಣು ಪಟಪಟ ಬಡಿಯುವಳು, ಬಲಗಾಲಿನಿಂದ ನೆಲ ಕುಟ್ಟುವಳು, ಆದರೂ ಬಿಡದೆ ಹಟ ಹಿಡಿದು ಆ ಪದವನ್ನು ಆಚೆ ತಳ್ಳುವಳು. ಅಪ್ಪ ಅಮ್ಮ ಇಬ್ಬರೂ ದುಡಿಯುವವರು. ಅದಕ್ಕೇ ವಾರಕ್ಕೊಂದು ದಿನ ಎರಡು ಬಸ್ಸು ಬದಲಾಯಿಸಿ ಕರೆತರುವುದು ತಾತನ ಪಾಲಿಗೆ ಬಂದಿತ್ತು.

ತಾತ ಒಂದು ದೊಡ್ಡ ಆಫೀಸಿನ ಲಿಫ್ಟಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು. ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವುದು, ಮಹಡಿ ಬಂತು ಅನ್ನುವುದು. ‘ನನ್ನ ಮಾತೆಲ್ಲ ಒಂದರಿಂದ ಹತ್ತರೊಳಗೇ ಮುಗಿದುಹೋಯ್ತು ಮೇಡಂ. ಇವಳಾದರೂ ನಾಲ್ಕು ಮಾತು ಹೆಚ್ಚಿಗೆ ಆಡಲಿ’ ಅಂತ ಮೊದಲ ದಿನವೇ ಹೇಳಿದ್ದ. ಆಮೇಲೆ ವರ್ಷವಿಡೀ ಹೊರಗಿನ ಬೆಂಚಿನ ಮೇಲೆ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ.

ಆ ಗುರುವಾರ ಕೊನೆಯ ಪರೀಕ್ಷೆ. ಹತ್ತು ನಿಮಿಷ ಚಿತ್ರ ನೋಡಿ ಮಾತಾಡುವುದು. ಮಿಸ್ಸು ಬೆರಳಿಗೆ ಕೌಂಟರ್ ಸಿಕ್ಕಿಸಿಕೊಂಡಳು. ಹೆಬ್ಬೆರಳಿನಿಂದ ಒತ್ತಿದರೆ ಟಕ್ ಅಂದು ಒಂದು ಅಂಕಿ ಮೇಲೇರುವ ಉಕ್ಕಿನ ಉಂಗುರ ಅದು. ಮಗು ಎಲ್ಲಿ ಉಗ್ಗುತ್ತದೋ ಅಲ್ಲಿ ಒಂದು ಟಕ್.

ಸಾಸಿವೆ ಮಾತಾಡಿದಳು. ಅಡುಗೆಮನೆಯ ಚಿತ್ರ, ಕುದುರೆ ಲಾಯದ ಚಿತ್ರ, ಮಗು ಮಲಗಿಸುವ ಚಿತ್ರ. ತಡೆತಡೆದು, ಯೋಚಿಸಿ, ಕೈಕಟ್ಟಿಕೊಂಡು. ಮುಗಿದಾಗ ಲೆಕ್ಕ ಹಾಕಿದರೆ ನೂರಕ್ಕೆ ಎರಡು. ನೂರಕ್ಕೆ ಮೂರರೊಳಗಿದ್ದರೆ ಗುಣ ಅಂತ ಬರೆಯಬಹುದು. ಮಿಸ್ಸು ಬರೆದೇಬಿಟ್ಟಳು. ಕೆಳಗೆ ‘ವಿವರಿಸುವ ಶಕ್ತಿ ಬಹಳ ಚೆನ್ನಾಗಿದೆ’ ಅಂತಲೂ ಸೇರಿಸಿದಳು. ಸಂತೋಷವಾಯಿತೋ? ಸುಳ್ಳು ಯಾಕೆ ಹೇಳೋದು, ಸಂತೋಷಪಡುವಷ್ಟು ಶಕ್ತಿ ಉಳಿದಿರಲಿಲ್ಲ. ಒಂದು ಹೊರೆ ಇಳಿಯಿತು ಅನ್ನಿಸಿತು, ಅಷ್ಟೇ.

ಆಯಾ ಬಂದು ಹುಡುಗಿಯನ್ನು ತೂಕ ನೋಡಲು ಕರೆದುಕೊಂಡು ಹೋದಳು. ತಾತನನ್ನು ಒಳಗೆ ಕರೆದು ಮಿಸ್ಸು ಸುದ್ದಿ ಹೇಳಿದಳು.

‘ನೋಡಿ ಯಜಮಾನ್ರೇ, ಇನ್ನು ಬರೋದು ಬೇಡ. ಫೈಲು ಮುಚ್ತಾ ಇದೀನಿ. ದೊಡ್ಡ ಡಾಕ್ಟರ ಸಹಿ ಬೇಕು. ಮೂರು ಗಂಟೆಯವರೆಗೆ ಕಾಯ್ತೀರಾ?’

‘ಕಾಯ್ತೀನಿ ಮೇಡಂ, ಅದಕ್ಕೇನಂತೆ.’ ಮುದುಕ ಎರಡೂ ಕೈ ಜೋಡಿಸಿದ. ಕಣ್ಣಲ್ಲಿ ನೀರಾಡಿತು. ‘ನಿಮ್ಮ ಉಪಕಾರ ಮರೆಯೋದಿಲ್ಲ.’

ಎದ್ದವನು ಹೋಗಲಿಲ್ಲ. ಟೋಪಿಯನ್ನು ಈ ಕೈಯಿಂದ ಆ ಕೈಗೆ ದಾಟಿಸುತ್ತ ನಿಂತ.

‘ಮತ್ತೇನು?’

‘ಏನಿಲ್ಲ ಮೇಡಂ. ಕೇಳೋದಕ್ಕೇ ನಾಚಿಕೆ. ಹುಷಾರೇನೋ ಆಗಿದಾಳೆ. ಸ್ಕೂಲಲ್ಲೂ ಹೊಗಳ್ತಾರೆ, ಗಲಾಟೆ ಇಲ್ಲ, ಗಂಭೀರ ಹುಡುಗಿ ಅಂತ. ಆದ್ರೆ...’ ಅವನು ಬಾಗಿಲ ಕಡೆ ನೋಡಿದ. ‘ನಾಲ್ಕು ತಿಂಗಳಾಯ್ತು, ನನ್ನನ್ನ ತಾತ ಅಂತ ಕರೆದೇ ಇಲ್ಲ.’

‘ಅಂದ್ರೆ?’

‘ಬೇಕಾದ್ರೆ ಹತ್ತಿರ ಬಂದು ಅಂಗಿ ಎಳೀತಾಳೆ. ಇಲ್ಲಾಂದ್ರೆ ಎದುರಿಗೆ ಬಂದು ನಿಂತ್ಕೊಂಡು, ಇಲ್ಲಿ ನೋಡು ಅಂತಾಳೆ. ಮೊನ್ನೆ ಸ್ನಾನದ ಮನೇಲಿ ಜಾರಿ ಬಿದ್ದಿದ್ಲು. ಪಕ್ಕದ ಕೋಣೇಲೇ ಇದ್ದೆ ನಾನು. ಒಂದು ಕೂಗು ಹಾಕಿಲ್ಲ ಮೇಡಂ. ಅರ್ಧ ಗಂಟೆ ಅಲ್ಲೇ ಕೂತಿದ್ಲು.’ ಅವನು ದನಿ ತಗ್ಗಿಸಿ ಮುಂದುವರಿಸಿದ. ‘ಒಂದು ದಿನ ಬಸ್ ಸ್ಟಾಪಲ್ಲಿ ಇವಳ ಮಾತು ಸಿಕ್ಕಿಕೊಂಡಿತ್ತು, ಬಸ್ಸು ಹೊರಡೋದ್ರಲ್ಲಿತ್ತು, ನಾನೇ ಆ ಪದ ಹೇಳಿ ಮುಗಿಸಿಬಿಟ್ಟೆ. ಅದಕ್ಕೇನಾದ್ರೂ ಕೋಪ ಮಾಡ್ಕೊಂಡಿದಾಳೋ ಏನೋ. ನೀವು ಒಂದ್ ಮಾತು ಕೇಳಿ ನೋಡ್ತೀರಾ?’

ಮಿಸ್ಸಿಗೆ ಒಳಗೆಲ್ಲೋ ಚುಚ್ಚಿತು. ಆದರೆ ಗಂಟೆ ಹನ್ನೆರಡೂವರೆ, ಹೊಟ್ಟೆ ತಾಳ ಹಾಕುತ್ತಿತ್ತು, ಹೊರಗೆ ಇನ್ನೊಬ್ಬ ತಾಯಿ ಮಗುವನ್ನು ಗದರಿಸುತ್ತ ಕಾಯುತ್ತಿದ್ದಳು.

‘ದೊಡ್ಡವಳಾಗ್ತಿದಾಳೆ ಯಜಮಾನ್ರೇ. ಈ ವಯಸ್ಸಲ್ಲಿ ಹೀಗೆಲ್ಲ ಬಿಗುಮಾನ ಬರತ್ತೆ. ಸರಿಹೋಗತ್ತೆ’ ಅಂದುಬಿಟ್ಟಳು.

‘ಹೌದಾ? ಹಾಗಾದ್ರೆ ಸರಿ ಬಿಡಿ’ ಅಂದ ಮುದುಕ. ದೊಡ್ಡವರು ಹೇಳಿದ ಮೇಲೆ ಮುಗಿಯಿತು ಅನ್ನುವಂಥ ಮನುಷ್ಯ. ಟೋಪಿ ಹಾಕಿಕೊಂಡು ಹೊರಗಿನ ಬೆಂಚಿಗೆ ಹೋದ.

ಹೊರಗಿದ್ದ ಆ ಮಗುವನ್ನೂ ನೋಡಿ ಕಳಿಸಿ ಮಿಸ್ಸು ಊಟದ ಡಬ್ಬಿ ಬಿಚ್ಚಿದಳು. ಜಾರಿ ಬಿದ್ದ ಮಗು ಕೂಗಲಿಲ್ಲ ಅನ್ನೋದು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಬಿಗುಮಾನಕ್ಕೆ ಯಾರಾದರೂ ಅರ್ಧ ಗಂಟೆ ಒದ್ದೆ ನೆಲದ ಮೇಲೆ ಕೂರುತ್ತಾರೆಯೇ?

ಇಲ್ಲೊಂದು ವಿಷಯ ಹೇಳಬೇಕು, ಇದು ಮಿಸ್ಸು ಯಾರಿಗೂ ಹೇಳಿರದ ವಿಷಯ. ಮಗುವಿನ ಎದುರು ಉಗ್ಗು ಎಣಿಸಬಾರದು. ಅದು ಈ ಕೆಲಸದ ಮೊದಲ ಪಾಠ. ಮಗು ಮಾತಾಡುವಾಗ ಮೈಯೆಲ್ಲ ಕಿವಿಯಾಗಿ ಕೇಳಬೇಕು, ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಮಗು ಹೋದ ಮೇಲೆ ಒಬ್ಬಳೇ ಕೂತು, ನಿಲ್ಲಿಸಿ ನಿಲ್ಲಿಸಿ ಕೇಳುತ್ತ ಎಣಿಸಬೇಕು. ಹತ್ತು ನಿಮಿಷದ ಮಾತು ಎಣಿಸಲು ಮುಕ್ಕಾಲು ಗಂಟೆ ಬೇಕು. ವಾರಕ್ಕೆ ಮೂವತ್ತು ಮಕ್ಕಳು. ನೀವೇ ಲೆಕ್ಕ ಹಾಕಿ. ಎಷ್ಟೋ ವರ್ಷ ಆಕೆ ಆ ರೆಕಾರ್ಡಿಂಗುಗಳನ್ನು ಮನೆಗೆ ಹೊತ್ತೊಯ್ದು ಎಣಿಸಿದ್ದಳು. ಎಂಟು ತಿಂಗಳ ಹಿಂದೆ ಒಂದು ದಿನ ಸಾಕಾಗಿಹೋಯಿತು. ಅವತ್ತಿನಿಂದ ಮಗುವಿನ ಎದುರೇ ಎಣಿಸತೊಡಗಿದಳು. ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡರೆ ಆಯಿತು, ಮಕ್ಕಳಿಗೆ ಏನು ಗೊತ್ತಾಗುತ್ತೆ ಅಂದುಕೊಂಡಳು. ರೆಕಾರ್ಡರ್ ಮಾತ್ರ ಅಭ್ಯಾಸಬಲದಿಂದ ಓಡುತ್ತಲೇ ಇತ್ತು, ಕೇಳುವವರಿಲ್ಲದೆ.

ಡಬ್ಬಿ ಪಕ್ಕಕ್ಕಿಟ್ಟು, ಆ ಬೆಳಗಿನ ರೆಕಾರ್ಡಿಂಗ್ ಹಾಕಿ ಕಿವಿಗೆ ಸಿಕ್ಕಿಸಿಕೊಂಡಳು.

‘ಇಲ್ಲಿ ಅಮ್ಮ ಇದಾರೆ. ಅಮ್ಮ... ಗುಡಿಸೋದು ಹಿಡ್ಕೊಂಡಿದಾರೆ. ಇಲ್ಲಿ ಗೋಡೇಲಿ ಒಂದು... ಮುಖ ನೋಡೋದು ಇದೆ. ಆಮೇಲೆ ಮಗು. ಮಗು ಮಲಗೋ... ಜಾಗದಲ್ಲಿ ಮಲಗಿದೆ. ಹೊರಗೆ ಗಾಡಿ ಎಳೆಯೋದು ಇದೆ...’

ಪೊರಕೆ ಅನ್ನಲಿಲ್ಲ. ಕನ್ನಡಿ ಅನ್ನಲಿಲ್ಲ. ತೊಟ್ಟಿಲು ಅನ್ನಲಿಲ್ಲ. ಅಯ್ಯೋ ದೇವರೇ, ಒಂಬತ್ತು ವರ್ಷದ ಹುಡುಗಿ ಕುದುರೆಯನ್ನು ಕುದುರೆ ಅನ್ನಲಿಲ್ಲ!

ಮಿಸ್ಸು ಹಿಂದಿನ ವಾರದ್ದು ಹಾಕಿದಳು. ಅದರ ಹಿಂದಿನದು. ಎರಡು ತಿಂಗಳ ಹಿಂದಿನದು. ಪ, ಕ, ತ ಬರುವ ಜಾಗದಲ್ಲೆಲ್ಲ ಹುಡುಗಿ ಒಂದು ಕ್ಷಣ ನಿಂತು, ಪಕ್ಕಕ್ಕೆ ತಿರುಗಿ, ಇನ್ನೊಂದು ದಾರಿ ಹುಡುಕಿಕೊಂಡು ಹೋಗಿದ್ದಳು. ಹೆಚ್ಚುಕಮ್ಮಿ ಎಲ್ಲೂ ಉಗ್ಗಿಲ್ಲ, ಯಾಕೆಂದರೆ ಉಗ್ಗುವ ಪದದ ಹತ್ತಿರವೇ ಸುಳಿದಿಲ್ಲ. ಅದರ ಮಧ್ಯೆ ತನ್ನದೇ ದನಿ ಬೇರೆ, ‘ಭೇಷ್! ಎಷ್ಟು ಚೆನ್ನಾಗಿ ವಿವರಿಸ್ತೀಯ!’ ಮಿಸ್ಸಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವ ಹಾಗಾಯಿತು. ಇಪ್ಪತ್ತಮೂರು ವರ್ಷದ ಅನುಭವವಂತೆ, ಮಣ್ಣಂತೆ.

ಇನ್ನೂ ಹಿಂದಕ್ಕೆ ಹೋದಳು, ಏಳು ತಿಂಗಳ ಹಿಂದಿನದಕ್ಕೆ. ಅಲ್ಲಿ ಹುಡುಗಿ ಇನ್ನೂ ಉಗ್ಗುತ್ತಿದ್ದಳು. ‘ಕ್-ಕ್-ಕುದುರೆ’. ಒಡನೆಯೇ ಸಣ್ಣಗೆ, ಸ್ಪಷ್ಟವಾಗಿ: ಟಕ್. ‘ಪ್-ಪ್-’. ಟಕ್. ಆ ಸದ್ದು ಮೇಜಿನ ಕೆಳಗಿಂದ ರೆಕಾರ್ಡರಿಗೇ ಕೇಳಿಸಿತ್ತು ಅಂದ ಮೇಲೆ ಎದುರು ಕೂತ ಮಗುವಿಗೆ ಕೇಳಿಸದೇ ಇರುತ್ತದೆಯೇ? ಮೂರನೇ ಟಕ್ ಆದ ಮೇಲೆ ಹುಡುಗಿ ಸುಮ್ಮನಾಗಿದ್ದಳು. ಆಮೇಲೆ ಹೇಳಿದ್ದಳು: ‘ಗಾಡಿ ಎಳೆಯೋದು.’ ಟಕ್ ಅನ್ನಲಿಲ್ಲ.

ಅಲ್ಲಿಗೆ ತಿಳಿಯಿತು. ಪದ ಬಿಡುವುದನ್ನು ಕಲಿಸಿದವರು ಯಾರು ಅಂತ ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ದೊಡ್ಡ ಡಾಕ್ಟರು.

‘ಏನಮ್ಮ, ಆ ಒಂದು ಫೈಲು ಕಳಿಸ್ತೀರಾ? ಮೂರಕ್ಕೆ ಮೀಟಿಂಗು. ನಿಮ್ಮ ಸಾಲಿನಲ್ಲಿ ಸೊನ್ನೆ ತೋರಿಸೋಕೆ ನನಗೇ ಮುಜುಗರ.’

‘ಕಳಿಸ್ತೀನಿ ಸರ್’ ಅಂದಳು ಮಿಸ್ಸು. ನಾಲಿಗೆ ತಾನಾಗಿ ಅಂದುಬಿಟ್ಟಿತು.

ಫೋನಿಟ್ಟು ಹಾಗೇ ಕೂತಳು. ಕಳಿಸಿಬಿಟ್ಟರೆ ಏನು? ಯಾರಿಗೂ ಗೊತ್ತಾಗುವುದಿಲ್ಲ. ಹುಡುಗಿಗೆ ಸಮಾಧಾನ, ಸ್ಕೂಲಿನವರಿಗೆ ಸಮಾಧಾನ, ಡಾಕ್ಟರಿಗೆ ಸಮಾಧಾನ. ಕಾಯುವ ಪಟ್ಟಿಯಲ್ಲಿರೋ ಎಪ್ಪತ್ತು ಮಕ್ಕಳಲ್ಲಿ ಒಂದಕ್ಕೆ ಜಾಗ. ತಾನು ಮನೆಗೆ ಹೋಗಿ ಕಾಲು ಚಾಚಬಹುದು. ಆದರೆ ಒಮ್ಮೆ ಮುಚ್ಚಿದ ಫೈಲು ಮತ್ತೆ ತೆರೆಯಬೇಕೆಂದರೆ ಆ ಎಪ್ಪತ್ತರ ಹಿಂದೆ ನಿಲ್ಲಬೇಕು. ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಆ ಮಗು ಇನ್ನೆಷ್ಟು ಪದ ಬಿಟ್ಟಿರುತ್ತದೋ. ಹೀಗೇ ಬಿಡುತ್ತ ಬಿಡುತ್ತ ಇಪ್ಪತ್ತರ ವಯಸ್ಸಿಗೆ ಬಾಯಿಗೆ ಬೀಗ ಹಾಕಿಕೊಂಡು ಕೂತವರನ್ನು ಆಕೆ ಕಂಡಿದ್ದಳು. ಅವರನ್ನು ಎಲ್ಲರೂ ಗಂಭೀರ ಸ್ವಭಾವ ಅನ್ನುತ್ತಿದ್ದರು.

‘ಥೂ, ನನ್ನ ಸುಸ್ತಿಗಿಷ್ಟು’ ಅಂತ ಬೈದುಕೊಂಡು, ಮಂಡಿ ಹಿಡಿದು ಎದ್ದಳು. ಬಾಗಿಲು ತೆಗೆದು ಸಾಸಿವೆಯನ್ನು ಒಬ್ಬಳನ್ನೇ ಒಳಗೆ ಕರೆದಳು.

ಹುಡುಗಿ ಬಂದು ಕೈಕಟ್ಟಿ ಕೂತಳು. ಮಿಸ್ಸು ಕೌಂಟರನ್ನು ಮೇಜಿನ ಮೇಲಿಟ್ಟಳು.

‘ಇದರ ಸದ್ದು ನಿನಗೆ ಕೇಳಿಸ್ತಿತ್ತಾ?’

ಹುಡುಗಿ ಹೌದೆಂದು ತಲೆಯಾಡಿಸಿದಳು.

‘ಯಾವಾಗ ಸದ್ದಾಗತ್ತೆ ಅಂತ ಗೊತ್ತಿತ್ತಾ?’

ಮತ್ತೆ ತಲೆಯಾಡಿಸಿದಳು.

‘ಅದಕ್ಕೇ ಪದ ಬದಲಾಯಿಸ್ತಿದ್ದೆಯಾ? ನಾನು ಬೈತೀನಿ ಅಂತ ಭಯ ಆಗ್ತಿತ್ತಾ?’

‘ಇಲ್ಲ’ ಅಂದಳು ಹುಡುಗಿ. ಯಾವ ಪದ ಹಾಕಬಹುದು ಅಂತ ಒಳಗೇ ಹುಡುಕುತ್ತಿರುವುದು ಈಗ ಮಿಸ್ಸಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಇಷ್ಟು ದಿನ ಇದನ್ನೇ ಯೋಚನೆ ಮಾಡುವ ಹುಡುಗಿ ಅಂದುಕೊಂಡಿದ್ದಳಲ್ಲ!

‘ನೀವು... ಅದು ಸದ್ದಾದಾಗ... ಹೀಗೆ ಮಾಡ್ತೀರ.’ ಹುಡುಗಿ ಎರಡೂ ಕಣ್ಣು ಮುಚ್ಚಿ, ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟು ತೋರಿಸಿದಳು. ‘ನಿಮಗೆ ಸುಸ್ತಾಗತ್ತೆ ಅಲ್ವಾ? ಅದಕ್ಕೆ.’

ಮಿಸ್ಸಿಗೆ ಎದೆಗೆ ಗುದ್ದಿದ ಹಾಗಾಯಿತು. ಇಡೀ ಆಸ್ಪತ್ರೆಯಲ್ಲಿ, ಮನೆಯಲ್ಲಿ, ಬೀದಿಯಲ್ಲಿ, ನಿಮಗೆ ಸುಸ್ತಾಗಿದೆಯಾ ಅಂತ ಒಬ್ಬರೂ ಕೇಳಿರಲಿಲ್ಲ. ಈ ಮಗು ಕೇಳಲೂ ಇಲ್ಲ. ಕಂಡುಕೊಂಡು, ತನ್ನ ಬಾಯಿಂದ ಒಂದೊಂದೇ ಪದ ತೆಗೆದುಹಾಕಿ ಆಕೆಯ ಕೆಲಸ ಹಗುರ ಮಾಡಿತ್ತು. ಆಕೆ ಅದನ್ನು ಗುಣ ಅಂತ ಬರೆದುಕೊಂಡಿದ್ದಳು.

‘ತಾತನ್ನ ಯಾಕೆ ಕರೆಯಲ್ಲ ಕಂದಾ?’ ಅಂತ ಕೊನೆಗೆ ಕೇಳಿದಳು. ‘ಅವರ ಮೇಲೆ ಕೋಪಾನಾ?’

ಹುಡುಗಿ ಗಾಬರಿಯಾಗಿ ತಲೆಯೆತ್ತಿದಳು. ‘ಇಲ್ಲ! ಸಿಟ್ಟಿಲ್ಲ.’ ಕಣ್ಣೀರು ಪಟ್ಟಂತ ಉದುರಿತು. ‘ಎಲ್ಲಾದಕ್ಕೂ ಬೇರೆ ಮಾತು ಇದೆ. ಅದಕ್ಕೆ ಬೇರೆ ಇಲ್ಲ.’

ಎಕ್ಸ್‌ರೇಯವನು ಆಚೆಯಿಂದ ‘ಬಿಡಿ’ ಅಂದ. ಮಿಸ್ಸು ಮೊಳದೆತ್ತರದ ಕುರ್ಚಿಯಿಂದ ನೆಲಕ್ಕೇ ಜಾರಿ ಕೂತು ಹುಡುಗಿಯ ಎರಡೂ ಕೈ ಹಿಡಿದುಕೊಂಡಳು.

‘ನೋಡು, ತಪ್ಪು ನಂದು. ನಿಂದಲ್ಲ. ನನಗೆ ಸುಸ್ತಾಗಿದ್ದು ನಿಜ. ಆದ್ರೆ ಅದು ನಿನ್ನ ಉಗ್ಗಿಂದ ಅಲ್ಲ. ಕೆಲಸ ಜಾಸ್ತಿ, ಮಂಡಿ ನೋವು, ನಿದ್ದೆ ಇಲ್ಲ. ದೊಡ್ಡವರ ಸುಸ್ತು ದೊಡ್ಡವರೇ ನೋಡ್ಕೋಬೇಕು. ನೀನು ಅದಕ್ಕೋಸ್ಕರ ಒಂದು ಪದಾನೂ ಬಿಡಬಾರದು. ತಿಳೀತಾ?’

ಹುಡುಗಿ ಮೂಗು ಒರೆಸಿಕೊಂಡಳು. ‘ಉಗ್ಗಿದ್ರೆ?’

‘ಉಗ್ಗು. ಎಷ್ಟು ಹೊತ್ತಾದ್ರೂ ಆಗ್ಲಿ. ಪೂರ್ತಿ ಪದ ಬೇಕು ನನಗೆ. ಕುದುರೆ ಬೇಕು, ಪೊರಕೆ ಬೇಕು, ಎಲ್ಲಾ ಬೇಕು. ಇನ್ಮೇಲೆ ನಿನ್ನೆದುರು ಯಾರೂ ಎಣಿಸಲ್ಲ.’

ಏಳುವಾಗ ಮಂಡಿ ಲಟಕ್ ಅಂದಿತು. ಮೇಜಿನ ಮೇಲಿದ್ದ ಫೈಲು ತೆಗೆದು ಗುಣ ಅಂತ ಬರೆದದ್ದಕ್ಕೆ ಉದ್ದಕ್ಕೆ ಗೆರೆ ಎಳೆದಳು. ‘ಪದ ತಪ್ಪಿಸುತ್ತಿದ್ದಾಳೆ. ನನ್ನ ಎಣಿಕೆಯ ಕ್ರಮ ತಪ್ಪು. ಚಿಕಿತ್ಸೆ ಮುಂದುವರಿಯಬೇಕು’ ಅಂತ ಬರೆದು ಸಹಿ ಹಾಕಿದಳು. ದೊಡ್ಡ ಡಾಕ್ಟರಿಗೆ ಫೋನು ಮಾಡಿದಳು.

‘ಸರ್, ಫೈಲು ಬರಲ್ಲ. ಸೊನ್ನೆ ಅಂತಲೇ ಬರ್ಕೊಳ್ಳಿ.’

‘ಏನ್ರೀ ಇದು, ಈಗ ತಾನೇ ಕಳಿಸ್ತೀನಿ ಅಂದ್ರಿ?’

‘ಅಂದಿದ್ದೆ. ತಪ್ಪು ಎಣಿಸಿದ್ದೆ. ಉಳಿದ ಮಕ್ಕಳದ್ದೂ ಮತ್ತೆ ಎಣಿಸಬೇಕು ಸರ್, ಎಂಟು ತಿಂಗಳದ್ದು.’ ಆಚೆ ಕಡೆಯಿಂದ ಗೊಣಗಾಟ ಬಹಳ ಹೊತ್ತು ಕೇಳಿಸಿತು. ಮೂವತ್ತು ಮಕ್ಕಳ ಎಂಟು ತಿಂಗಳ ರೆಕಾರ್ಡಿಂಗು ನೆನೆಸಿಕೊಂಡೇ ಮಿಸ್ಸಿಗೆ ಸಾಕುಸಾಕಾಯಿತು. ಹೂಂ, ಹೂಂ ಅನ್ನುತ್ತಲೇ ಕೇಳಿ ಫೋನಿಟ್ಟಳು.

ಆಮೇಲೆ ತಾತನನ್ನು ಕರೆಸಿದಳು. ಮುದುಕ ಮೂರು ಗಂಟೆಯಾಗುವ ಮೊದಲೇ ಕರೆ ಬಂತಲ್ಲ ಅಂತ ನಗುನಗುತ್ತ ಬಂದವನು, ಇಬ್ಬರ ಮುಖ ನೋಡಿ ನಿಂತುಬಿಟ್ಟ.

‘ಕೂತ್ಕೊಳ್ಳಿ ಯಜಮಾನ್ರೇ. ನಾನು ಆಗಲೇ ಹೇಳಿದ್ದು ತಪ್ಪು. ಇವಳಿಗೆ ಉಗ್ಗು ಹೋಗಿಲ್ಲ. ಹೋದ ಹಾಗೆ ನಡ್ಕೋತಿದ್ಲು, ಅದು ನನ್ನಿಂದಲೇ ಆಗಿದ್ದು. ವಾರ ವಾರ ಮತ್ತೆ ಬರಬೇಕಾಗತ್ತೆ.’

ಮುದುಕನ ಮುಖ ಇಳಿದುಹೋಯಿತು. ಮತ್ತೆ ಎರಡೆರಡು ಬಸ್ಸು, ಮತ್ತೆ ಆ ಬೆಂಚು. ‘ಅಂದ್ರೆ... ವರ್ಷ ಓಡಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯ್ತಾ ಮೇಡಂ?’ ಅಂದ. ಅವನಿಗೆ ಸಿಟ್ಟು ಮಾಡಲು ಬರುತ್ತಿರಲಿಲ್ಲ. ಬಂದಿದ್ದರೆ ಮಿಸ್ಸಿಗೆ ಹಗುರವಾಗುತ್ತಿತ್ತು.

‘ನಿಮ್ಮ ಮೇಲೆ ಕೋಪ ಇಲ್ಲ ಅವಳಿಗೆ. ನಿಮ್ಮನ್ನ ಕರೆಯೋ ಪದದಲ್ಲೇ ಸಿಕ್ಕಿಕೊಳ್ತಾಳೆ. ಬೇರೆ ಏನಂತ ಕರೆಯೋದು ಅಂತ ಗೊತ್ತಾಗದೆ ಕರೆಯೋದೇ ಬಿಟ್ಟಿದ್ಲು, ಅಷ್ಟೇ.’

ತಾತ ಮೊಮ್ಮಗಳ ಕಡೆ ನೋಡಿದ. ಮಿಸ್ಸು ಮೆಲ್ಲಗೆ ಹೇಳಿದಳು: ಸಿಕ್ಕಿಕೊಂಡಾಗ ನೀವು ಮುಗಿಸಬೇಡಿ. ನಿಧಾನ ಅನ್ನಬೇಡಿ. ಬೇರೆ ಕಡೆ ನೋಡಬೇಡಿ. ಸುಮ್ಮನೆ ಕಾಯಿರಿ.

‘ಕಾಯೋದು ಗೊತ್ತು ಮೇಡಂ’ ಅಂದ ತಾತ.

ಹುಡುಗಿ ಕಟ್ಟಿದ ಕೈ ಬಿಚ್ಚಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಕಣ್ಣು ಪಟಪಟ ಬಡಿಯಿತು, ಬಲಗಾಲು ನೆಲ ಕುಟ್ಟತೊಡಗಿತು, ಕತ್ತಿನ ನರ ಬಿಗಿಯಿತು. ‘ತ್-ತ್-ತ್-’ ಅಲ್ಲಿಗೆ ನಿಂತಿತು. ಮತ್ತೆ ಮೊದಲಿಂದ. ‘ತ್-ತ್-ತ್-ತಾ-’ ಮುದುಕನ ತುಟಿ ಅಲುಗಿತು. ಅವನು ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡ. ಟೋಪಿಯ ಅಂಚು ಹಿಂಡಿಹೋಗುವಷ್ಟು ಬಿಗಿಯಾಗಿ ಹಿಡಿದ, ಆದರೆ ಅವಳ ಮುಖದಿಂದ ಕಣ್ಣು ಕೀಳಲಿಲ್ಲ. ಮಿಸ್ಸೂ ಕಣ್ಣು ಮುಚ್ಚಲಿಲ್ಲ.

‘ತಾ-ತ್-ತ್-ತಾತ.’

‘ಏನಮ್ಮ?’

ಹುಡುಗಿಗೆ ಉಬ್ಬಸ ಬಂದ ಹಾಗೆ ಏದುಸಿರು ಬರುತ್ತಿತ್ತು. ‘ಏನಿಲ್ಲ. ಸುಮ್ನೆ ಕ್-ಕ್-ಕರೆದೆ.’

‘ಹೂಂ’ ಅಂದ ತಾತ.

ಹುಡುಗಿ ಮತ್ತೆ ಬಾಯಿ ತೆರೆದಳು. ಕಾಲು ಕುಟ್ಟಿತು. ಈ ಸಲ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಇಬ್ಬರೂ ಕಾದರು. ಪದ ಪೂರ್ತಿ ಆಚೆ ಬಂದ ಮೇಲೆ ತಾತ ಕಣ್ಣೊರೆಸಿಕೊಂಡು, ಮೊದಲ ಸಲ ಕೇಳಿದವನ ಹಾಗೆ, ‘ಏನಮ್ಮ?’ ಅಂದ.